ಓಡುವವಳ ಬಿಟ್ಟು ಕೂತವಳ ಮೇಲೆ

ಪತ್ರಿಕೆಗಳ ಕ್ರೀಡಾಪುಟದಲ್ಲಿ ಖೋ-ಖೋ ಫೋಟೋ ಬರುವುದೇ ಅಪರೂಪ. ಬಂದಾಗ ಗಮನಿಸಿ ನೋಡಿ, ಬಹಳ ಸಲ ಅದು ಕಂಬದ ಹತ್ತಿರದ್ದೇ ಆಗಿರುತ್ತದೆ. ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನು ನೆಲಕ್ಕೆ ಸಮನಾಗಿ ಚಾಚಿ, ಇನ್ನೊಂದು ಕೈಯಿಂದ ಓಡುವವಳನ್ನು ಮುಟ್ಟಲು ಹಾರಿದ ಒಬ್ಬಳು. ಫೋಟೋ ಚೆನ್ನಾಗಿಯೇ ಇರುತ್ತದೆ. ಆದರೆ ವರ್ಷಗಟ್ಟಲೆ ಅದೇ ಫೋಟೋ. ಹುಡುಗಿಯರು ಬದಲಾಗುತ್ತಾರೆ, ಸಮವಸ್ತ್ರದ ಬಣ್ಣ ಬದಲಾಗುತ್ತದೆ, ಕಂಬ ಅಲ್ಲೇ ಇರುತ್ತದೆ. ಇದಕ್ಕೆ ಫೋಟೋ ತೆಗೆಯುವವರ ಸೋಮಾರಿತನ ಕಾರಣ ಅಂತ ನಾನು ಹೇಳಲಾರೆ. ಇಡೀ ಅಂಗಳದಲ್ಲಿ ಜಾಗ ಬದಲಿಸದೆ ನಿಲ್ಲುವುದು ಆ ಎರಡು ಕಂಬಗಳು ಮಾತ್ರ. ಕ್ಯಾಮೆರಾಕ್ಕೆ ಅಂಥದ್ದನ್ನು ಕಂಡರೆ ಪ್ರೀತಿ.

ನಾನು ಆನಗೋಡಿನವನು. ದಾವಣಗೆರೆಯಿಂದ ಬೆಂಗಳೂರಿನ ಕಡೆ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಊರು. ಹೊರಗಿನವರಿಗೆ ಇಲ್ಲಿನ ಪ್ರಾಣಿ ಸಂಗ್ರಹಾಲಯದಿಂದ ಹೆಸರು ಗೊತ್ತು. ಸುತ್ತಲೂ ಮೆಕ್ಕೆಜೋಳದ ಹೊಲಗಳು. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳಿಂದ ನನ್ನ ಹೊಟ್ಟೆ ತುಂಬುತ್ತದೆ. ಮಳೆಗಾಲದಲ್ಲಿ ಮುಹೂರ್ತಗಳು ಕಡಿಮೆ. ಆಗಲೇ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳೂ ನಡೆಯುತ್ತವೆ. ಆನಗೋಡು ಹೋಬಳಿ ಕೇಂದ್ರವಾದ್ದರಿಂದ ಸುತ್ತಲಿನ ಹಳ್ಳಿಗಳ ಮಕ್ಕಳು ಟ್ರ್ಯಾಕ್ಸು, ಆಪೆ ಆಟೋಗಳಲ್ಲಿ ತುಂಬಿಕೊಂಡು ಬರುತ್ತಾರೆ. ಮುಖ್ಯೋಪಾಧ್ಯಾಯರಿಗೆ ಬೇಕಾದದ್ದು ಉದ್ಘಾಟನೆಯ ಫೋಟೋ, ಟ್ರೋಫಿ ಹಿಡಿದ ಗ್ರೂಪ್ ಫೋಟೋ ಎರಡೇ. ಇವೆರಡರ ನಡುವೆ ಇಡೀ ದಿನ ನಡೆಯುವ ಆಟವನ್ನು ತೆಗೆ ಅಂತ ಯಾರೂ ಹೇಳುವುದಿಲ್ಲ. ಅದು ನನ್ನ ಖುಷಿಗೆ.

ಖುಷಿ ಅಂದೆ. ತಲೆನೋವು ಅಂದರೂ ಸರಿಯೇ. ಓಟದ ಸ್ಪರ್ಧೆ ತೆಗೆಯುವುದು ಸುಲಭ, ಮಕ್ಕಳು ಸುಣ್ಣದ ಗೆರೆಯ ನಡುವೆ ನೇರ ಬರುತ್ತಾರೆ. ಕಬಡ್ಡಿಯಲ್ಲಿ ರೈಡರ್ ನಡುಗೆರೆ ದಾಟಿ ಬಂದು ಒಂದು ಕ್ಷಣ ನಿಂತು ಕಾಲು ಚಾಚುತ್ತಾನೆ, ಆ ಕ್ಷಣ ಸಾಕು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ. ಅಲ್ಲಿ ಇಬ್ಬರು ಎಷ್ಟು ಗುದ್ದಾಡಿದರೂ ಕ್ಯಾಮೆರಾದಿಂದ ಅವರ ದೂರ ಅಷ್ಟೇ ಇರುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಹಾವೇರಿ, ಶಿಕಾರಿಪುರದ ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಬೇರೆಯದೇ ತಮಾಷೆ. ಹೋರಿ ನೇರವಾಗಿಯೇ ನುಗ್ಗಿ ಬರುತ್ತದೆ, ಆದರೆ ಅದರ ಕೊಂಬಿಗೆ ಕಟ್ಟಿದ ಬಣ್ಣದ ಬಲೂನುಗಳು ಕ್ಯಾಮೆರಾದ ಕಣ್ಣು ಸೆಳೆಯುತ್ತವೆ. ಬಲೂನು ಸ್ಪಷ್ಟ, ಕೊರಳ ಕೊಬ್ಬರಿ ಹಾರ ಅರ್ಧ ಸ್ಪಷ್ಟ, ಅದನ್ನು ಕಿತ್ತುಕೊಳ್ಳಲು ಜಿಗಿದವನು ಪೂರ್ತಿ ಮಸುಕು. ಇಷ್ಟೆಲ್ಲ ಸಹಿಸಬಹುದು. ಖೋ-ಖೋ ಮಾತ್ರ ಬೇರೆ. ಆಟೋಫೋಕಸ್ ಎಂಬ ಯಂತ್ರವನ್ನು ಸೋಲಿಸಲೆಂದೇ ಯಾರೋ ಕೂತು ಈ ಆಟ ಮಾಡಿದ್ದಾರೇನೋ ಅನ್ನಿಸುತ್ತದೆ.

ಯಾಕೆ ಅಂತ ಹೇಳಲು ಯಂತ್ರದ ಬಗ್ಗೆ ಎರಡು ಮಾತು ಬೇಕು.

ನಮ್ಮ ಎರಡು ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ಬೆರಳನ್ನು ನೋಡಿದರೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದಲ್ಲ, ಕ್ಯಾಮೆರಾ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಲೆನ್ಸಿನ ಒಂದು ಬದಿಯಿಂದ ಬಂದ ಬೆಳಕನ್ನೂ ಇನ್ನೊಂದು ಬದಿಯಿಂದ ಬಂದ ಬೆಳಕನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಎರಡು ಚಿತ್ರಗಳ ನಡುವೆ ಎಷ್ಟು ಅಂತರವಿದೆ, ಯಾವ ಕಡೆಗಿದೆ ಎಂಬುದರಿಂದ ಲೆನ್ಸನ್ನು ಎಷ್ಟು ತಿರುಗಿಸಬೇಕೆಂದು ಲೆಕ್ಕ ಹಾಕುತ್ತದೆ. ಇದಕ್ಕೆ ಫೇಸ್ ಡಿಟೆಕ್ಷನ್ ಅನ್ನುತ್ತಾರೆ. 1985ರಲ್ಲಿ ಮಿನೋಲ್ಟಾ 7000 ಬಂದಾಗ ಕ್ಯಾಮೆರಾದ ಒಡಲಲ್ಲೇ ಈ ಏರ್ಪಾಡು ಕೂತುಕೊಂಡಿತು, ಆಮೇಲೆ ಉಳಿದವರೆಲ್ಲ ಅದೇ ದಾರಿ ಹಿಡಿದರು. ಹೋಲಿಸಿ ನೋಡಲು ಅದಕ್ಕೊಂದು ಅಂಚು ಬೇಕು: ಕಪ್ಪು ಬಿಳುಪು ಸೇರುವ ಗೆರೆ, ಬಟ್ಟೆಯ ಪಟ್ಟೆ, ಅಕ್ಷರ. ಬರೀ ಗೋಡೆ ತೋರಿಸಿದರೆ ಲೆನ್ಸು ಗುರ್ ಗುರ್ ಅಂತ ಹಿಂದೆ ಮುಂದೆ ಹುಡುಕುತ್ತಾ ಇರುತ್ತದೆ.

ಓಡುವವರ ವಿಷಯದಲ್ಲಿ ಇನ್ನೊಂದು ತೊಡಕು ಉಂಟು. ನನ್ನದು ಕನ್ನಡಿಯಿರುವ ಹಳೆಯ ಮಾದರಿಯ ಕ್ಯಾಮೆರಾ. ಬಟನ್ ಒತ್ತಿದಾಗ ಒಳಗಿನ ಕನ್ನಡಿ ಮೇಲೇಳುತ್ತದೆ. ಏಳುವಾಗ ಫೋಕಸ್ ನೋಡುವ ಕಣ್ಣು ಕುರುಡಾಗುತ್ತದೆ. ಆ ಕ್ಷಣಾರ್ಧದಲ್ಲಿ ಓಡುವವಳು ಮುಂದೆ ಹೋಗಿರುತ್ತಾಳೆ. ಅದಕ್ಕೇ ಕ್ಯಾಮೆರಾ ಒಂದು ಊಹೆ ಮಾಡುತ್ತದೆ. ಇಷ್ಟು ಹೊತ್ತು ಇವಳು ಈ ವೇಗದಲ್ಲಿ, ಈ ದಿಕ್ಕಿನಲ್ಲಿ ಬಂದಳು, ಇನ್ನು ಮುಂದೆಯೂ ಹಾಗೇ ಬರುತ್ತಾಳೆ ಅಂತ ಲೆನ್ಸನ್ನು ಒಂದು ಹೆಜ್ಜೆ ಮುಂದಿಟ್ಟು ಕಾಯುತ್ತದೆ. ಕಂಬಳದಂಥ ಓಟಕ್ಕೆ ಈ ಊಹೆ ಸರಿಹೋಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಅಷ್ಟು ವೇಗವಿದ್ದರೂ ಅದು ಕೆಸರುಗದ್ದೆಯ ನೇರ ಓಟ. ಎದುರಿಗೆ ಚಿಮ್ಮುವ ನೀರಿಗೆ ಮರುಳಾಗದಿದ್ದರೆ ಕ್ಯಾಮೆರಾ ಬೆನ್ನುಹತ್ತಬಲ್ಲದು. ಹಾಗಾಗಿ ವೇಗವೊಂದೇ ಇದರ ವೈರಿ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಈಗ ಖೋ-ಖೋ ಅಂಗಳಕ್ಕೆ ಬನ್ನಿ. ಎರಡು ಕಂಬಗಳ ನಡುವೆ ಎಂಟು ಮಂದಿ ಸಾಲಾಗಿ ಕೂತಿದ್ದಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವಳು ಎದ್ದು ಬೆನ್ನಟ್ಟುತ್ತಾಳೆ. ಅವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ, ನಡುವಿನ ಸಾಲನ್ನು ದಾಟುವಂತಿಲ್ಲ. ಓಡುವವಳಿಗೆ ಈ ಯಾವ ಕಟ್ಟೂ ಇಲ್ಲ. ಕೂತವರ ಸಂದಿಯಲ್ಲಿ ನುಸುಳಬಹುದು, ನಿಂತಲ್ಲೇ ಹಿಂದಕ್ಕೆ ತಿರುಗಬಹುದು. ಬೆನ್ನಟ್ಟುವವಳು ಸೋತಳೆನಿಸಿದರೆ ಕೂತವಳೊಬ್ಬಳ ಬೆನ್ನು ಮುಟ್ಟಿ 'ಖೋ' ಅನ್ನುತ್ತಾಳೆ. ಕೂತವಳು ಎದ್ದು ಓಡುತ್ತಾಳೆ, ಓಡುತ್ತಿದ್ದವಳು ಅವಳ ಜಾಗದಲ್ಲಿ ಕೂರುತ್ತಾಳೆ.

ಕ್ಯಾಮೆರಾದ ಸ್ಥಿತಿ ನೆನೆಸಿಕೊಳ್ಳಿ. ಅದರ ಎದುರಿಗೆ, ಹತ್ತಿರದಲ್ಲಿ, ಅಲುಗದೆ ಕೂತ ಎಂಟು ಮಂದಿ. ಅದರಲ್ಲಿ ಅರ್ಧದಷ್ಟು ಮಂದಿಯ ಮುಖ ನೇರ ಕ್ಯಾಮೆರಾದ ಕಡೆಗೇ. ಹತ್ತಿರದ್ದನ್ನೂ, ಎದ್ದು ಕಾಣುವುದನ್ನೂ, ಮುಖವಿರುವುದನ್ನೂ ಹಿಡಿಯಬೇಕೆಂದು ಅದಕ್ಕೆ ಕಲಿಸಿದ್ದಾರೆ. ಅವರ ಹಿಂದೆ ಒಂದು ಮೀಟರ್ ದೂರದಲ್ಲಿ ಓಡುವವಳು ಮಿಂಚಿ ಹೋಗುತ್ತಾಳೆ. ನಾನು ಅಂಗಳದ ಅಂಚಿನಲ್ಲಿ ಕೂತರೆ ನಡುಸಾಲು ನನಗೆ ಎಂಟು ಮೀಟರ್ ದೂರ. ನನ್ನ ಲೆನ್ಸನ್ನು 200 ಮಿಲಿಮೀಟರಿಗೆ ಎಳೆದು, ಎಫ್ 5.6ಕ್ಕೆ ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಅಡಿಗೆ ತುಸು ಹೆಚ್ಚು, ಅಷ್ಟೇ. ಸೆಕೆಂಡಿಗೆ ಆರು ಮೀಟರಿನಂತೆ ನನ್ನತ್ತ ಬರುವ ಹುಡುಗಿ ಆ ಒಂದು ಅಡಿಯನ್ನು ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಫಲಿತಾಂಶ ಮೆಮೊರಿ ಕಾರ್ಡಿನಲ್ಲಿ ಸಾಲುಸಾಲಾಗಿ ಇರುತ್ತದೆ: ಕೂತ ಹುಡುಗಿಯ ಕಿವಿಯ ಓಲೆ, ಜಡೆಯ ಕೆಂಪು ಟೇಪು, ಮೊಣಕಾಲಿನ ಗಾಯದ ಗುರುತು ಎಲ್ಲವೂ ಸ್ಪಷ್ಟ. ಹಿಂದೆ ನೀಲಿ ಬಣ್ಣದ ಒಂದು ಗಾಳಿ.

ಇನ್ನು ಊಹೆಯ ಮಾತು. ಬೆನ್ನಟ್ಟುವವಳು ಮತ್ತು ಆಟೋಫೋಕಸ್ ಒಂದೇ ಕಾಯಿದೆಯಲ್ಲಿ ಸಿಕ್ಕಿಕೊಂಡವರು ಎಂದು ನನಗೆ ಬಹಳ ಸಲ ಅನ್ನಿಸಿದೆ. ಇಬ್ಬರೂ ಹಿಡಿದ ದಿಕ್ಕಿನಲ್ಲೇ ಹೋಗುವವರು. ಓಡುವವಳ ವಿದ್ಯೆಯೆಲ್ಲ ಇರುವುದು ಆ ಊಹೆಯನ್ನು ಸುಳ್ಳು ಮಾಡುವುದರಲ್ಲಿ. ಭುಜವನ್ನು ಎಡಕ್ಕೆ ವಾಲಿಸಿ ಬಲಕ್ಕೆ ಹೋಗುತ್ತಾಳೆ, ವೇಗ ಏರಿಸಿದಂತೆ ಮಾಡಿ ನಿಂತುಬಿಡುತ್ತಾಳೆ. ಬೆನ್ನಟ್ಟುವವಳು ಮುಂದೆ ಹೋಗಿಬಿಡುತ್ತಾಳೆ, ನನ್ನ ಲೆನ್ಸೂ ಅವಳ ಜೊತೆಗೇ ಹೋಗಿಬಿಡುತ್ತದೆ. ಬೆನ್ನಟ್ಟುವವಳಿಗಾದರೂ ಖೋ ಕೊಟ್ಟು ಕೂರುವ ಅನುಕೂಲವಿದೆ. ಲೆನ್ಸು ಯಾರಿಗೆ ಖೋ ಕೊಡಬೇಕು?

ಹೊಸ ಕ್ಯಾಮೆರಾ ತಗೊಂಡರೆ ಎಲ್ಲ ಸರಿಹೋಗುತ್ತದೆ ಅಂತ ದಾವಣಗೆರೆಯ ಗೆಳೆಯರು ಹೇಳುತ್ತಾರೆ. ಕನ್ನಡಿಯಿಲ್ಲದ ಹೊಸವು ನಿಜಕ್ಕೂ ಜಾಣ. ಮನುಷ್ಯರ ಕಣ್ಣು, ಹಕ್ಕಿಯ ಕಣ್ಣು, ಕಾರು, ವಿಮಾನ ಗುರುತಿಸುತ್ತವೆ. 2024ರಲ್ಲಿ ಬಂದ ಕ್ಯಾನನ್ ಆರ್1ರಲ್ಲಿ ಆಟವನ್ನೇ ಅರ್ಥ ಮಾಡಿಕೊಳ್ಳುವ ಒಂದು ವ್ಯವಸ್ಥೆಯಿದೆ. ಚೆಂಡು ಒದೆಯುವವನು ಯಾರು, ಸ್ಮ್ಯಾಶ್ ಹೊಡೆಯುವವನು ಯಾರು ಎಂದು ತಾನೇ ಕಂಡುಕೊಂಡು ಫೋಕಸನ್ನು ಅವನತ್ತ ಒಯ್ಯುತ್ತದೆ. ಅದಕ್ಕೆ ಕಲಿಸಿದ ಆಟಗಳು ಮೂರು: ಫುಟ್‌ಬಾಲ್, ಬಾಸ್ಕೆಟ್‌ಬಾಲ್, ವಾಲಿಬಾಲ್. ಖೋ-ಖೋದಲ್ಲಿ ಚೆಂಡೇ ಇಲ್ಲ. ಅಲ್ಲಿ ಕೈಯಿಂದ ಕೈಗೆ ಹೋಗುವುದು ಒಂದು ಶಬ್ದ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು, ಭಾರತದ ಗಂಡಸರ ತಂಡವೂ ಹೆಂಗಸರ ತಂಡವೂ ಫೈನಲ್ಲಿನಲ್ಲಿ ನೇಪಾಳವನ್ನು ಸೋಲಿಸಿದವು. ಗೆದ್ದ ಹೆಂಗಸರ ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಹೀಗೆ ನಾಲ್ಕಾರು ವಿಶ್ವಕಪ್ ಆದಮೇಲೆ ಯಾರಾದರೂ ಕ್ಯಾಮೆರಾಕ್ಕೆ ಖೋ ಕಲಿಸಬಹುದೋ ಏನೋ. ಅಂಥದ್ದರ ಬೆಲೆಯಲ್ಲಿ ನಾನು ಮನೆಗೆ ಒಂದು ಕೋಣೆ ಕಟ್ಟಿಸಬಹುದು, ಆ ಮಾತು ಬೇರೆ.

ಹೋದ ವರ್ಷದ ಹೋಬಳಿ ಕೂಟದಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ, ನಂಬರ್ ಏಳು ಅನ್ನೋಣ. ಮೂವರು ಒಟ್ಟಿಗೆ ಅಂಗಳಕ್ಕಿಳಿದರೆ ಮೊದಲಿಬ್ಬರು ಬೇಗ ಔಟಾಗಿ ಇವಳೊಬ್ಬಳೇ ಉಳಿಯುತ್ತಿದ್ದಳು. ಎದುರಿನ ತಂಡದ ಪೀಟಿ ಮಾಸ್ತರು ಹೊರಗಿನಿಂದ "ಲೇ, ರಿಂಗಿಗೆ ಹಾಕ್ರಲೇ ಅವಳನ್ನ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ಆಟ ಮುಗಿದ ಮೇಲೆ ಮಕ್ಕಳೆಲ್ಲ ನನ್ನ ಕ್ಯಾಮೆರಾದ ಪುಟ್ಟ ಪರದೆಗೆ ಮುಗಿಬಿದ್ದರು. ನಂದು ಬಂದೈತೆ, ನಂದೂ ಬಂದೈತೆ ಅಂತ ಗದ್ದಲ. ನಂಬರ್ ಏಳು ಎಲ್ಲವನ್ನೂ ಸಮಾಧಾನವಾಗಿ ನೋಡಿದಳು.

"ಅಣ್ಣಾ, ಔಟಾದೋರ್ದೆಲ್ಲಾ ಬಂದೈತಿ. ನಂದು ಯಾಕಿಲ್ಲ?"

ಅವಳು ಹೇಳಿದ್ದು ಸರಿಯಾಗಿತ್ತು. ಒಂದೊಂದಾಗಿ ನೋಡುತ್ತಾ ಹೋದರೆ, ಓಡುವವರ ಪೈಕಿ ಸ್ಪಷ್ಟವಾಗಿ ಬಂದವರೆಲ್ಲ ಔಟಾಗುವ ಕ್ಷಣದಲ್ಲಿದ್ದರು. ಬೆನ್ನಟ್ಟುವವಳ ಕೈ ಓಡುವವಳ ಬೆನ್ನಿಗೆ ತಾಗುವ ಹೊತ್ತಿಗೆ ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುತ್ತಾರೆ. ಓಡುವವಳ ವೇಗ ಇಳಿದಿರುತ್ತದೆ, ದಾರಿ ಮುಗಿದಿರುತ್ತದೆ. ಲೆನ್ಸಿಗೆ ಬೇಕಾದ ಎಲ್ಲವೂ ಅಲ್ಲಿ ಕೂಡಿಬರುತ್ತವೆ. ಯಾರು ಕೈಗೆ ಸಿಗುತ್ತಾರೋ ಅವರು ಕ್ಯಾಮೆರಾಕ್ಕೂ ಸಿಗುತ್ತಾರೆ. ಆವತ್ತು ಕೊನೆಯ ತನಕ ಯಾರ ಕೈಗೂ ಸಿಗದವಳು ಏಳು ಫೋಟೋಗಳಲ್ಲಿ ಏಳು ಬಗೆಯ ಮಸುಕಾಗಿ ಉಳಿದಿದ್ದಳು. ಊರಿನ ಆಟಗಳ ಎಷ್ಟೋ ಆಲ್ಬಮ್ಮುಗಳಲ್ಲಿ ಹೀಗೆ ಒಳ್ಳೆಯ ಆಟಗಾರರೇ ಇಲ್ಲದೆ ಹೋಗಿರಬಹುದಲ್ಲ ಅಂತ ನನಗೆ ಹೊಳೆದದ್ದು ಆಗಲೇ.

ಅವಳಿಗೆ ಫೋಟೋ ಯಾಕೆ ಬೇಕು ಅಂತ ಕೇಳಿದೆ. ಅವ್ವ ಒಂದು ಸಲಾನೂ ಆಟ ನೋಡಿಲ್ಲ ಅಂದಳು. ಕ್ರೀಡಾಕೂಟದ ದಿನಗಳಲ್ಲೇ ಮೆಕ್ಕೆಜೋಳದ ಕಳೆ ತೆಗೆಯುವ ಕೆಲಸ ಇರುತ್ತದೆ, ಕೂಲಿ ಬಿಟ್ಟು ಬರಲಾಗುವುದಿಲ್ಲ. ಹತ್ತನೇ ತರಗತಿ ಮುಗಿದರೆ ಆಟ ಮುಗಿಯಿತು. ಅದನ್ನು ಅವಳು ದುಃಖದಿಂದೇನೂ ಹೇಳಲಿಲ್ಲ, ಪರೀಕ್ಷೆಯ ವೇಳಾಪಟ್ಟಿ ಹೇಳಿದಂತೆ ಹೇಳಿದಳು. ತಂಡ ಗೆದ್ದಿದ್ದರಿಂದ ತಾಲೂಕು ಮಟ್ಟದ ಒಂದು ಕೂಟ ಇನ್ನೂ ಬಾಕಿ ಇತ್ತು.

ಮಸುಕಾದ ಫೋಟೋಗಳಲ್ಲೇ ಒಂದನ್ನು ಪ್ರಿಂಟು ಹಾಕಿಸಿ ಕೊಟ್ಟೆ. ಒಂದು ವಾರದ ಮೇಲೆ ಅವಳೇ ಬಂದು ವರದಿ ಕೊಟ್ಟಳು. ಅವ್ವ ಫೋಟೋ ನೋಡಿದ ಕೂಡಲೇ ಮುಂದೆ ಕೂತವಳನ್ನು ತೋರಿಸಿ "ಇವಳ್ಯಾರೇ, ಯಾರ ಮಗಳು?" ಅಂದರಂತೆ. ಮಗಳು ಅಲ್ಲೇ ಹಿಂದೆ ಓಡುತ್ತಿರುವುದು ಅವರಿಗೆ ಕಾಣಲೇ ಇಲ್ಲ. ಕಾಣದಿರುವುದು ಸಹಜ. ಚಿತ್ರದಲ್ಲಿ ಯಾವುದು ಸ್ಪಷ್ಟವೋ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಇದು ಯಾರ ಕತೆ ಅನ್ನುವುದನ್ನು ಫೋಕಸ್ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಆಟೋಫೋಕಸ್ ಇಲ್ಲದ ಕಾಲದಲ್ಲಿ ಓಡುವುದನ್ನು ತೆಗೆದವರು ಹೇಗೆ ತೆಗೆದರು ಎಂದು ಯೋಚಿಸಿದರೆ ದಾರಿ ಸರಳವಾಗಿಯೇ ಕಾಣುತ್ತದೆ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಕುದುರೆಯ ಓಟ ತೆಗೆಯಲು ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ದಾರಿಗೆ ಅಡ್ಡಲಾಗಿ ದಾರ ಕಟ್ಟಿದ. ಕುದುರೆ ದಾರ ಕಿತ್ತುಕೊಂಡು ಹೋದಂತೆ ಒಂದೊಂದೇ ಕ್ಯಾಮೆರಾ ಕ್ಲಿಕ್ ಆಯಿತು. ಓಡುವಾಗ ಒಂದು ಕ್ಷಣ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವೆ ಎಂಬುದು ಆ ಚಿತ್ರಗಳಿಂದ ಕಣ್ಣಿಗೆ ಕಂಡಿತು. ಅವನು ಕುದುರೆಯ ಹಿಂದೆ ಓಡಲಿಲ್ಲ, ಕುದುರೆ ಬರುವ ಜಾಗದಲ್ಲಿ ಕಾದ. ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರ ತೆಗೆದದ್ದೂ, ಮೂಡಿಗೆರೆಯಲ್ಲಿ ತೇಜಸ್ವಿ ಹಕ್ಕಿಗಳ ಬೆನ್ನು ಬಿದ್ದದ್ದೂ ನೆನಪಾಗುತ್ತವೆ. ಹಕ್ಕಿ ತೆಗೆಯುವವರೆಲ್ಲರಿಗೂ ಗೊತ್ತು, ಹಾರುವ ಹಕ್ಕಿಯನ್ನು ಅಟ್ಟುವುದಕ್ಕಿಂತ ಅದು ಮತ್ತೆ ಮತ್ತೆ ಬಂದು ಕೂರುವ ಕೊಂಬೆಯನ್ನು ಗುರುತು ಮಾಡುವುದು ಮೇಲು. ಅದಕ್ಕೆ ಹಕ್ಕಿಯ ಅಭ್ಯಾಸ ಗೊತ್ತಿರಬೇಕು.

ಖೋ-ಖೋದಲ್ಲೂ ಅಭ್ಯಾಸಗಳಿರುತ್ತವೆ. ಸಿಂಗಲ್ ಚೈನ್ ಆಡುವವರು ಕೂತವರ ಸಂದಿಗಳಲ್ಲಿ ಹಾವಿನಂತೆ ಒಂದು ಬಿಡದೆ ಹೆಣೆಯುತ್ತಾ ಹೋಗುತ್ತಾರೆ. ಒಂದೆರಡು ಸುತ್ತು ನೋಡಿದರೆ ಯಾವ ಸಂದಿಯಿಂದ ಯಾವಾಗ ಹೊರಬರುತ್ತಾರೆ ಎಂಬ ಲಯ ಸಿಗುತ್ತದೆ. ಆಗ ಆಟೋಫೋಕಸನ್ನು ಆರಿಸಿ, ಕೂತವಳ ಮೇಲಲ್ಲ, ಅವಳ ಪಕ್ಕದ ಖಾಲಿ ಜಾಗದ ನೆಲಕ್ಕೆ ಫೋಕಸ್ ಇಟ್ಟು ಕಾಯಬಹುದು. ಶಟರ್ ಬಟನ್ನಿನಿಂದ ಫೋಕಸನ್ನು ಬಿಡಿಸಿ ಹಿಂದಿನ ಬಟನ್ನಿಗೆ ಕೊಟ್ಟರೆ ಕೆಲಸ ಇನ್ನೂ ಸುಲಭ. ಹೆಬ್ಬೆರಳು ಎತ್ತಿದರೆ ಲೆನ್ಸು ಇದ್ದಲ್ಲೇ ನಿಲ್ಲುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ, ಮೋಡವಿದ್ದರೆ ಐಎಸ್ಒ 1600, 3200. ಕಾಳು ಕಾಳಾಗಿ ಕಂಡರೂ ಚಿಂತೆಯಿಲ್ಲ. ಆಟೋಫೋಕಸನ್ನೇ ನೆಚ್ಚಿಕೊಳ್ಳಬೇಕಾಗಿ ಬಂದರೆ ಮುಖ ಹುಡುಕುವುದನ್ನು ಆರಿಸಿ, ಒಂದೇ ಬಿಂದುವನ್ನು ಎದೆಗೋ ಬೆನ್ನಿಗೋ ಪಿನ್ನು ಹಾಕಿದ ನಂಬರಿನ ಮೇಲೆ ಇಡುತ್ತೇನೆ. ಬಿಳಿ ಬಟ್ಟೆಯ ಮೇಲೆ ಕರಿ ಸ್ಕೆಚ್ ಪೆನ್ನಿನಲ್ಲಿ ಬರೆದ ಅಂಕಿಯಷ್ಟು ಒಳ್ಳೆಯ ಅಂಚು ಇಡೀ ಮೈದಾನದಲ್ಲಿ ಇನ್ನೊಂದಿಲ್ಲ. ಅಂಪೈರ್ ಬಿಳಿ ಅಂಗಿ ಹಾಕಿಕೊಂಡು ಅಡ್ಡ ಬಂದರೆ ಮಾತ್ರ ದೇವರೇ ಗತಿ.

ನಂಬರ್ ಏಳು ಸಿಂಗಲ್ ಚೈನ್ ಆಡುವವಳಲ್ಲ, ಅದೇ ಕಷ್ಟ. ಅವಳ ಆಟದಲ್ಲಿ ನನಗೆ ಯಾವ ಲಯವೂ ಸಿಕ್ಕಿರಲಿಲ್ಲ. ತಾಲೂಕು ಕೂಟಕ್ಕೆ ಮುಂಚಿನ ಸಂಜೆ ಸ್ಟುಡಿಯೋದ ಬಾಗಿಲಲ್ಲಿ ನಿಂತು ಕೊಂಬೆ, ಹಕ್ಕಿ ಅಂತ ಇದನ್ನೆಲ್ಲ ಅವಳಿಗೆ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾನು ಆರನೇಯವಳ ಹತ್ರ ಬಂದಾಗ ಹಿಂದಕ್ಕೆ ತಿರುಗ್ತೀನಣ್ಣ. ಎಲ್ಲಾ ಕಡೆ ಅಲ್ಲ, ಅಲ್ಲಿ ಮಾತ್ರ ಯಾವಾಗ್ಲೂ ತಿರುಗ್ತೀನಿ. ಅಲ್ಲೇ ಇಟ್ಕಳ್ರಿ."

ಆಮೇಲೆ, "ಯಾರಿಗೂ ಹೇಳಬ್ಯಾಡ್ರಿ ಮತ್ತೆ," ಅಂದಳು. ಅವಳ ಪೀಟಿ ಮಾಸ್ತರಿಗೂ ಅದು ಗೊತ್ತಿರಲಿಲ್ಲ. ಇಲ್ಲಿ ಸಂಖ್ಯೆ ಬದಲಿಸಿಯೇ ಬರೆದಿದ್ದೇನೆ.

ದಾವಣಗೆರೆಯ ಮೈದಾನದಲ್ಲಿ ಮಾರನೇ ದಿನ ಬೆಳಗ್ಗೆ ಸಣ್ಣ ಮಳೆ ಬಂದು ಧೂಳು ಅಡಗಿತ್ತು. ಆ ಜಾಗಕ್ಕೆ ಎದುರಾಗಿ ಕೂತು, ನೆಲದ ಮೇಲೆ ಫೋಕಸ್ ಇಟ್ಟು, ಹೆಬ್ಬೆರಳು ಎತ್ತಿ ಕಾದೆ. ಮೊದಲ ಸರದಿಯಲ್ಲಿ ಅವಳು ಆ ಕಡೆ ಬರಲೇ ಇಲ್ಲ. ಎರಡನೆಯದರಲ್ಲಿ ಎರಡು ಸಲ ಬಂದಳು. ಒಂದು ಸಲ ಬೆನ್ನಟ್ಟುವವಳ ಮೈ ಅಡ್ಡವಾಯಿತು. ಇನ್ನೊಂದು ಸಲ ನಾಲ್ಕು ಕ್ಲಿಕ್ಕುಗಳು ಸಿಕ್ಕವು, ಅದರಲ್ಲಿ ಒಂದು ಬಂತು. ಆಟವನ್ನು ಅವರ ತಂಡ ಸೋತಿತು.

ಆ ಒಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ನಾನೇ ಅವರ ಮನೆಗೆ ಒಯ್ದೆ. ಅವಳ ಅವ್ವ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಫೋಟೋವನ್ನು ಅಂಚಿನಲ್ಲಿ ಹಿಡಿದುಕೊಂಡರು. ಚಿತ್ರದಲ್ಲಿ ಮಗಳು ತಿರುಗುವ ಕ್ಷಣ. ಜಡೆ ಇನ್ನೂ ಹಿಂದಿನ ದಿಕ್ಕಿನಲ್ಲೇ ಹಾರುತ್ತಿದೆ, ಎದೆಯ ಏಳು ಅಂಕಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ, ಮುಖ ಅರ್ಧ ತಿರುಗಿದೆ. ಬಲಗಾಲು ಒದ್ದೆ ಮಣ್ಣಿನಲ್ಲಿ ಊರಿದೆ, ಐದೂ ಬೆರಳು ಎಣಿಸಬಹುದು. ಬೆನ್ನಟ್ಟುವವಳ ಕೈ ಅವಳ ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಮಸುಕಾಗಿದೆ.

ಅವ್ವ ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು.

"ಬರಿಗಾಲಾಗೆ ಓಡ್ತೀಯೇನೇ?"

"ಎಲ್ಲಾರೂ ಹಂಗೇ ಓಡೋದು ಕಣವ್ವ," ಅಂದಳು ಅವಳು, ಒಲೆಗೆ ಚಕ್ಕೆ ತುರುಕುತ್ತಾ.